ಬರೀ ಕೇಳುವ ಯಂತ್ರ

ಗ್ರ್ಯಾಷಟ್ ರಸ್ತೆಯ ಗಿರವಿ ಅಂಗಡಿಯಲ್ಲಿ
ಗಾಜಿನ ಕೆಳಗೆ ಮದುವೆಯುಂಗುರ, ಡ್ರಿಲ್ಲು, ಟ್ರಂಪೆಟ್ಟು,
ಯಾರದೋ ಯುದ್ಧದ ಪದಕ,
ಅವುಗಳ ಪಕ್ಕ ಮೂರು ಡ್ರಮ್ ಮೆಷೀನು.
ಹೊರಗೆ ಡೆಟ್ರಾಯ್ಟಿನ ಮಾರ್ಚಿ. ಹಿಮಕ್ಕೆಂದು ಎರಚಿದ ಉಪ್ಪು
ನನ್ನ ಬೂಟು ಹಿಡಿದು ಒಳಗೂ ಬಂದಿದೆ.

"ಮಗನಿಗಾ?" ಎಂದ ನಮೀರ್.
ಅಲ್ಲ ಎಂದೆ.
"ಮೊಮ್ಮಗನಿಗಾ?"
ನನಗೇ.
ಅವನ ಹುಬ್ಬು ಒಂದು ಮಾತ್ರೆ ಮೇಲೇರಿ ಇಳಿಯಿತು.
ವ್ಯಾಪಾರಸ್ಥ, ನಗಲಿಲ್ಲ.

ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು.
ಕೆಂಪು ದೀಪಕ್ಕೆ ನಿಂತಾಗೆಲ್ಲ ಸ್ಟಿಯರಿಂಗಿನ ಮೇಲೆ
ಹೆಬ್ಬೆರಳು ಕಿಕ್ಕು, ಉಂಗುರದ ಬೆರಳು ಸ್ನೇರು,
ಮಳೆಯಿದ್ದರೆ ವೈಪರೇ ಹೈ-ಹ್ಯಾಟು.
ಹಿಂದಿನ ಸೀಟಿನ ಹುಡುಗರು ಅದರ ಮೇಲೆ ಪ್ರಾಸ ಕಟ್ಟಿ
ಒಬ್ಬರನ್ನೊಬ್ಬರು ಬೈದು, ಬೈಸಿಕೊಂಡು,
ದೊಡ್ಡವರಾಗಿ ಇಳಿದುಹೋದರು.
ಬೀಟು ಬಸ್ಸಿನಲ್ಲೇ ಉಳಿಯಿತು.

ಮೊದಲನೆಯದು ನಾನೂರು ಡಾಲರು. ಹದಿನಾರು ಪ್ಯಾಡು,
ಒತ್ತಿದರೆ ಕಿತ್ತಳೆ ಬೆಳಕು.
ನೋಡಿದೆ, ಮುಟ್ಟಲಿಲ್ಲ.
ಮುಟ್ಟಿದರೆ ಬೆಲೆ ಮರೆತೀತು.

ಎರಡನೆಯದು ಐವತ್ತೈದು. ಅಂಗೈಯಗಲ.
ಮೈಮೇಲೆ ಹೊದಿಕೆಯಿಲ್ಲದೆ ನರನಾಡಿ ಕಾಣುವ ಬತ್ತಲೆ ಹಲಗೆ.
"ಕಲಿಯುವವರಿಗೆ ಇದೇ" ಎಂದ.
ಗುಂಡಿ ಕಡಲೆಕಾಳಿನಷ್ಟು; ನನ್ನ ಬೆರಳು
ಒಂದನ್ನು ಕರೆದರೆ ಮೂರು ಓಗೊಡುತ್ತವೆ.
ಡಬ್ ಎನ್ನಬೇಕಾದಲ್ಲಿ ಪಿಳ್ ಎನ್ನುತ್ತದೆ.

ಮೂರನೆಯದು ನೂರೆಂಬತ್ತು. ಹಳೆಯದು.
ಬದಿಯಲ್ಲಿ ಯಾರೋ ಬ್ಲೇಡಿನಿಂದ ಕೆತ್ತಿದ ಹೆಸರು: ಒಝೆಲ್.
(ಏನು ಕಷ್ಟ ಬಂತೋ ಒಝೆಲ್‌ಗೆ, ಇಲ್ಲಿ ತಂದಿಡಲು.)
ನಾಲ್ಕನೇ ಪ್ಯಾಡು ಸತ್ತಿದೆ; ಗುದ್ದಿದರೆ ಉಸಿರಾಡುತ್ತದೆ.
ನಮೀರ್ ಡ್ರಾಯರಿನಲ್ಲಿ ತಡಕಾಡಿ
ಬೇರೆ ಯಾವುದರದ್ದೋ ವೈರನ್ನು ಇದಕ್ಕೆ ಬಾಲ ಮಾಡಿದ.

ಬಾರಿಸಿದೆ.
ನನ್ನ ನಾಲ್ಕು ಏಟನ್ನೂ ಅದು ಕೇಳಿತು, ತಿದ್ದಿತು,
ಗೆರೆಯ ಮೇಲೆ ಸಾಲಾಗಿ ನಿಲ್ಲಿಸಿ ವಾಪಸು ಕೊಟ್ಟಿತು,
ಹೊಸ ಟೀಚರಿಗೆ ಹೆದರಿ ನಿಂತ ಮಕ್ಕಳ ಹಾಗೆ.
ಒಂದು ತಪ್ಪಿಲ್ಲ. ನಾನೂ ಇಲ್ಲ.

ತಿದ್ದದೆ ಇರುತ್ತದೆಯೇ ಇದು?
ನಮೀರ್‌ಗೆ ಗೊತ್ತಿಲ್ಲ. ಗೊತ್ತಿದ್ದದ್ದು
ಹಿಂದಿನ ಕೋಣೆಯಲ್ಲಿ ಗಡಿಯಾರ ರಿಪೇರಿ ಮಾಡುವ
ಅವನ ತಂಗಿ ಶಮೀರಾನ್‌ಗೆ.
ಕಣ್ಣಿಗೆ ಕಚ್ಚಿಸಿದ ಭೂತಗನ್ನಡಿ ತೆಗೆಯದೆ ಬಂದು
ಎರಡು ಗುಂಡಿ ಒಟ್ಟಿಗೆ ಹಿಡಿದು, ತಿರುಪೊಂದನ್ನು ತಿರುಗಿಸಿ,
"ಈಗ ಅದು ಬರೀ ಕೇಳುತ್ತೆ" ಎಂದು ಹೊರಟುಹೋದಳು,
ದಿನವಿಡೀ ಕಾಲವನ್ನು ಸರಿಮಾಡಿ ದುಡಿಯುವವಳು.

ಮತ್ತೆ ಬಾರಿಸಿದೆ.
ಧಿಂ, ಟಪ್. ಧಿಂ ಧಿಂ,
             ಟಪ್.
ಆ ಎರಡನೆಯ ಟಪ್ಪು ಕೂದಲೆಳೆ ತಡ.
ಬಲ್ಲೆ ಅದನ್ನು. ಕಾರ್ಖಾನೆಯ ಎರಡನೇ ಪಾಳಿ ಮುಗಿಸಿ
ಅಪ್ಪ ಮೆಟ್ಟಿಲೇರುತ್ತಿದ್ದ: ಒಳ್ಳೆಯ ಕಾಲು,
ಆಮೇಲೆ, ಬೇಕಾದಷ್ಟು ಹೊತ್ತು ತಗೊಂಡು,
ಪ್ರೆಸ್ಸು ಕಚ್ಚಿದ ಕಾಲು.
ಆ ನಡುವಿನ ಸದ್ದಿಲ್ಲದ್ದನ್ನು ಕತ್ತಲಲ್ಲಿ ಎಣಿಸುತ್ತ
ಉಸಿರು ಹಿಡಿದಿರುತ್ತಿದ್ದೆ.
ತಾಳ ತಪ್ಪಿತು ಎನ್ನುವವರು ಎನ್ನಲಿ.
ನಮ್ಮ ಮನೆಯಲ್ಲಿ ತಾಳ ಕಾಯುತ್ತಿತ್ತು.

"ಸತ್ತ ಪ್ಯಾಡಿಗೆ ದುಡ್ಡು ಕೊಡೋದಿಲ್ಲ" ಎಂದೆ.
"ಗುದ್ದಿದರೆ ಬದುಕುತ್ತಲ್ಲ" ಎಂದ.
ನೂರೆಪ್ಪತ್ತಕ್ಕೆ ಇಬ್ಬರೂ ಬೇಸರಪಟ್ಟು ಒಪ್ಪಿದೆವು.
ಉಳಿದ ಹತ್ತರಲ್ಲಿ ಆರು ದಪ್ಪ ಬ್ಯಾಟರಿ.

ಸೋಮವಾರ, ಬೆಳಗ್ಗೆ ಆರು ಮುಕ್ಕಾಲು.
ಕೊನೆಯ ಸ್ಟಾಪಿನಲ್ಲಿ ಎಂಜಿನ್ ಆರಿಸಿ, ಮೆಷೀನು ತೊಡೆಯ ಮೇಲೆ.
ಮೂಲೆಮನೆಯ ಕೀಶಾನ್, ಒಂದು ಶೂ ಕಾಲಲ್ಲಿ, ಒಂದು ಕೈಯಲ್ಲಿ,
ಓಡಿಬಂದು ಏದುಸಿರಿನಲ್ಲೇ ಕಿವಿಗೊಟ್ಟು ನಿಂತ.
"ಮಿಸ್ ವರ್ಲೀನ್, ಆ ಸ್ನೇರು ಲೇಟಾಗಿ ಬರ್ತಿದೆ."
ಹೌದು ಕಣೋ, ಎಂದೆ. ಹತ್ತು.